ಬಿಕ್ಕಳಿಸದ ಕರೆಗಂಟೆ

ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಅನ್ನುತ್ತಾರಂತೆ. ನಮ್ಮೂರಲ್ಲಿ ಬಿಕ್ಕಳಿಕೆ ಬಂದರೆ ಅಕ್ಕಪಕ್ಕದವರು ಪಾಪ, ಸಿಕ್ಕಿಬಿದ್ದ ಎಂದು ಮರ್ಯಾದೆಗೆ ನೆಲ ನೋಡುತ್ತಾರೆ. ಮನಸ್ಸು ಒಪ್ಪದ ಮಾತು ಬಾಯಿಂದ ಹೊರಟರೆ ಸಾಕು, ಅರ್ಧ ದಾರಿಯಲ್ಲೇ ‘ಹಿಕ್’ ಎಂದು ಎಡವುತ್ತದೆ. ಅದಕ್ಕೇ ಮದುವೆಮನೆಯಿಂದ ಬಂದವರನ್ನು ಊಟ ಹೇಗಿತ್ತು ಎಂದು ಕೇಳಿದರೆ ಇಲ್ಲಿ ಯಾರೂ ಬಹಳ ಚೆನ್ನಾಗಿತ್ತು ಎನ್ನುವ ಧೈರ್ಯ ಮಾಡುವುದಿಲ್ಲ, ಬಿಸಿಯಾಗಿತ್ತು ಎನ್ನುತ್ತಾರೆ. ಸೊಪ್ಪು ಮಾರುವವಳು ಇವತ್ತು ಕಿತ್ತ ಸೊಪ್ಪು ಅಂತೆಲ್ಲ ಕೂಗುವುದಿಲ್ಲ. ಬರೀ “ಸೊಪ್ಪೂ” ಎಂದು ಕೂಗಿ ಮುಂದೆ ಹೋಗುತ್ತಾಳೆ. ಸುಳ್ಳು ಹೇಳದೆ ವಿಧಿಯೇ ಇಲ್ಲ ಎನ್ನುವವರು ನನ್ನ ಹಿಟ್ಟಿನ ಗಿರಣಿಗೆ ಬರುತ್ತಾರೆ. ಮೋಟಾರಿನ ಸದ್ದಿನಲ್ಲಿ ಬಿಕ್ಕಳಿಕೆ ಕೇಳಿಸುವುದಿಲ್ಲವಲ್ಲ. “ಅತ್ತೆ, ನಿಮ್ಮ ಕೈ ಸಾರು ನೆನೆಸ್ಕೊಂಡ್ರೆ ಬಾಯಲ್ಲಿ ನೀರು ಬರುತ್ತೆ” ಎನ್ನಬೇಕಾದ ಸೊಸೆಯರು ಅತ್ತೆಯನ್ನು ಜೊತೆಗೇ ಕರೆದುಕೊಂಡು ರಾಗಿ ಬೀಸಿಸಲು ಬರುತ್ತಾರೆ. ಅತ್ತೆಯರಿಗೂ ಗೊತ್ತು. ಆದರೂ ಬರುತ್ತಾರೆ.

ನಾನು ಗಿರಣಿ ಚೆಲುವಮ್ಮ. ಗಿರಣಿಗೆ ಅಂಟಿಕೊಂಡು ನನ್ನ ಮನೆ, ನನ್ನ ಮನೆಗೆ ಅಂಟಿಕೊಂಡು ಶಿವನಂಜಪ್ಪನವರ ಮನೆ. ನಡುವೆ ಒಂದೇ ಗೋಡೆ, ಅದೂ ಅಂಥ ದಪ್ಪದ್ದೇನಲ್ಲ. ಆದ್ದರಿಂದ ಅವರ ಮಗಳು ತಾರಿಣಿಯ ಈ ಕಥೆಯಲ್ಲಿ ಅರ್ಧ ನಾನು ಕಂಡದ್ದು, ಇನ್ನರ್ಧ ಗೋಡೆ ಹೇಳಿದ್ದು.

ಶಿವನಂಜಪ್ಪನವರು ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸುಗಳ ಹೆಸರು ಕೂಗುವವರು. ಕಂಚಿನ ಕಂಠ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವರು ಮತ್ತು ತಾರಿಣಿ, ಇಬ್ಬರೇ. “ಮೇಲ್ಪೇಟೆ ಬಸ್ಸು ಇನ್ನೇನು ಬ... ಹಿಕ್... ರುತ್ತದೆ” ಎಂದು ಅವರು ಕೂಗಿದರೆ ಪ್ರಯಾಣಿಕರು ಆರಾಮಾಗಿ ಕಾಫಿ ಕುಡಿಯಲು ಹೋಗುತ್ತಿದ್ದರು.

ತಾರಿಣಿಯ ಕೆಲಸ ವಿಡಿಯೋದಲ್ಲಿ ಸಾಮಾನು ಪರೀಕ್ಷೆ ಮಾಡುವುದು. ಮಿಕ್ಸಿ, ಫೋನು, ಇನ್ವರ್ಟರು, ಹೊಸದಾಗಿ ಏನು ಬಂದರೂ ಸ್ಕ್ರೂಡ್ರೈವರ್ ಹಿಡಿದು ಕೂತು ಬಿಚ್ಚಿಹಾಕಿ, ಒಳಗೇನಿದೆ, ಎಷ್ಟು ದಿನ ಬಾಳುತ್ತದೆ ಎಂದು ಹೇಳುತ್ತಾಳೆ. ಚಾನೆಲಿನ ಹೆಸರೇ ‘ಬಿಚ್ಚಿ ನೋಡೋಣ’. ಅವಳದೊಂದು ಹಟವಿತ್ತು. ಕ್ಯಾಮೆರಾ ಒಮ್ಮೆ ಶುರುವಾದರೆ ಮುಗಿಯುವ ತನಕ ನಡುವೆ ಒಂದು ಕಡೆಯೂ ಕತ್ತರಿ ಹಾಕುವುದಿಲ್ಲ. ಕೆಮ್ಮಿದರೆ ಕೆಮ್ಮು, ಬೀದಿಯಲ್ಲಿ ಹಸು ಕೂಗಿದರೆ ಹಸು, ಎಲ್ಲವೂ ಅದರಲ್ಲಿ. ಬಿಕ್ಕಳಿಕೆ ಇದೆಯೋ ಇಲ್ಲವೋ ನೀವೇ ಕೇಳಿಸಿಕೊಳ್ಳಿ ಎನ್ನುವ ಹಾಗೆ. ಆ ಒಂದು ಕಾರಣಕ್ಕೆ ಊರು ಅವಳನ್ನು ನಂಬಿತ್ತು. ನನ್ನ ಗಿರಣಿಯ ಮೋಟಾರು ಕೂಡ ಅವಳು ಹೂಂ ಅಂದದ್ದೇ.

ಇನ್ನೊಬ್ಬ ಇದ್ದ, ಪ್ರಮಥ ಅಂತ. ನೋಡಲು ಲಕ್ಷಣವಾಗಿದ್ದ, ಮಾತು ಬೆಣ್ಣೆಯ ಹಾಗೆ. ಅವನ ವಿಡಿಯೋದಲ್ಲಿ ಒಂದು ವಾಕ್ಯ ಮುಗಿಯುವುದರೊಳಗೆ ತಲೆ ಎಡದಿಂದ ಬಲಕ್ಕೆ ಟಪಕ್ಕೆಂದು ಹಾರುತ್ತಿತ್ತು, ಮುಂದಿದ್ದ ತುಂಬಿದ ಟೀ ಲೋಟ ಇದ್ದಕ್ಕಿದ್ದಂತೆ ಖಾಲಿಯಾಗುತ್ತಿತ್ತು. ನಾವೆಲ್ಲ ಅದೊಂದು ಹೊಸ ಸ್ಟೈಲು ಅಂದುಕೊಂಡಿದ್ದೆವು.

ತಾರಿಣಿ ಹುಟ್ಟಿದಾಗ ಊರು ಅವಳನ್ನು ಗಂಡು ಎಂದು ಬರೆದುಕೊಂಡಿತ್ತು. ಹೆಸರೂ ಗಂಡು ಹೆಸರೇ. ಅದು ಏನೆಂದು ಕೇಳಬೇಡಿ. ಅದು ಅವಳದಲ್ಲ, ಹೇಳಲು ಹೋದರೆ ನನಗೇ ಬಿಕ್ಕಳಿಕೆ. ದೊಡ್ಡವಳಾದ ಮೇಲೆ ಕೆಲವು ತಿಂಗಳು ಹೊರಗೆ ಹೋಗಿದ್ದವಳು ಬೆಳಗಿನ ಬಸ್ಸಿನಲ್ಲಿ ಹಸಿರು ಚೂಡಿದಾರ್ ಹಾಕಿಕೊಂಡು ಇಳಿದಳು. ಇಳಿದವಳೇ ಎದುರಿಗೆ ಸಿಕ್ಕ ಎಲ್ಲರಿಗೂ ಒಂದೇ ಮಾತು: “ನಾನು ತಾರಿಣಿ. ಹಾಗೇ ಕರೀರಿ.” ಬಿಕ್ಕಳಿಕೆಯ ಸುಳಿವಿಲ್ಲ. ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಆದರೂ ನಾಲಿಗೆಗೆ ಅಭ್ಯಾಸ ಅಂತ ಒಂದಿರುತ್ತದೆ. ಹಳೆಯ ಹೆಸರೇ ಅವಳ ಹೆಸರು ಎಂದು ಮನಸಾರೆ ನಂಬಿದ್ದವರು ಅದನ್ನೇ ಕೂಗಿದರು, ಅವರಿಗೆ ಬಿಕ್ಕಳಿಕೆ ಬರಲಿಲ್ಲ. ಅವಳು ಜಗಳ ಕಾಯಲಿಲ್ಲ. “ತಾರಿಣಿ” ಎಂದು ಮತ್ತೊಮ್ಮೆ ಹೇಳಿ, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು ಹೋಗುತ್ತಿದ್ದಳು. ಹೀಗೇ ಇರುತ್ತಾ ಒಂದು ದಿನ ಹಳೆಯ ಹೆಸರು ಕೂಗುವಾಗ ಅವರಿಗೂ ನಡುವೆ ‘ಹಿಕ್’ ಎನ್ನುತ್ತಿತ್ತು. ಒಳಗೆ ಯಾವಾಗಲೋ ಹೆಸರು ಬದಲಾಗಿಬಿಟ್ಟಿದೆ, ಬಾಯಿಗೆ ಸುದ್ದಿ ಮುಟ್ಟಿಲ್ಲ, ಅಷ್ಟೆ. ನನಗೆ ಅದು ಆದದ್ದು ಜೋಳ ತೂಗುವಾಗ. ನಾಚಿಕೆಯಿಂದ ಒಂದು ಸೇರು ಹೆಚ್ಚಿಗೆ ಸುರಿದುಬಿಟ್ಟೆ.

ಶಿವನಂಜಪ್ಪನವರ ಕಷ್ಟ ಮಾತ್ರ ಯಾರಿಗೂ ಬೇಡ. ಅವರಿಗೆ ಹಳೆಯ ಹೆಸರು ಹೇಳಿದರೂ ಬಿಕ್ಕಳಿಕೆ, ಹೊಸ ಹೆಸರು ಹೇಳಿದರೂ ಬಿಕ್ಕಳಿಕೆ. ಅದಲ್ಲ ಅಂತ ಮನಸ್ಸಿಗೆ ಗೊತ್ತಿದೆ, ಇದು ಅಂತ ಒಪ್ಪಿಗೆ ಬಂದಿಲ್ಲ. ಎರಡು ಬಸ್ಸಿನ ನಡುವೆ ನಿಂತ ಪ್ರಯಾಣಿಕನ ಹಾಗಾಯಿತು ಅವರ ಪಾಡು. ಹೆಸರನ್ನೇ ಬಿಟ್ಟುಬಿಟ್ಟರು. ಹಿಂದಿನ ಕಾಲದ ಹೆಂಗಸರು ಗಂಡನನ್ನು ಕರೆಯುತ್ತಿದ್ದರಲ್ಲ, “ಏನೂಂದ್ರೆ”, “ಕೇಳಿಸ್ತಾ”, “ನೋಡಿಲ್ಲಿ”, ಹಾಗೆ ಮಗಳನ್ನು ಕರೆಯತೊಡಗಿದರು. ಬಂದನೋ ಬಂದಳೋ ಎನ್ನುವ ಗೊಡವೆಯೇ ಬೇಡವೆಂದು “ಊಟ ಆಯ್ತಾ”, “ಮನೆಗೆ ಬರೋದು ಎಷ್ಟೊತ್ತಿಗೆ” ಎಂದು ಮಾತಿನ ಬಾಲ ಕತ್ತರಿಸಿ ಮಾತಾಡುತ್ತಿದ್ದರು. ಊರಿಡೀ ಕೇಳುವ ಹಾಗೆ ಬಸ್ಸಿನ ಹೆಸರು ಕೂಗುವ ಮನುಷ್ಯ, ಮನೆಯಲ್ಲಿ ಒಂದೇ ಒಂದು ಹೆಸರು ಕೂಗಲಾರದೆ ಒದ್ದಾಡುತ್ತಿದ್ದ. ತಾರಿಣಿ ನಗುತ್ತಿದ್ದಳು. “ನಮ್ಮಪ್ಪ ಹಳೇ ಕಾಲದ ಹೆಂಡತೀರ ಥರ ನಂಗೆ ಮರ್ಯಾದೆ ಕೊಡ್ತಾರೆ ಚೆಲುವಕ್ಕ” ಎನ್ನುತ್ತಿದ್ದಳು. ನಕ್ಕು ಮುಗಿದ ಮೇಲೆ ತನ್ನ ಹೆಸರನ್ನು ತಾನೇ ಒಮ್ಮೆ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು.

ಆಗ ಬಂತು ‘ಆಗಮನ’. ದೂರದ ಯಾವುದೋ ಕಂಪನಿಯ ಕರೆಗಂಟೆ. ಬಾಗಿಲ ಪಕ್ಕ ಅಂಟಿಸಿದರೆ ಬಂದವರ ಮುಖ ನೋಡಿ, ಇಂಥವರು ಬಂದಿದ್ದಾರೆ ಎಂದು ಇಂಪಾದ ಹೆಣ್ಣು ದನಿಯಲ್ಲಿ ಹೇಳುತ್ತದೆ. ಊರಿನವರ ಮುಖ ಮತ್ತು ಹೆಸರುಗಳನ್ನು ಅದಕ್ಕೆ ಶಾಲೆಯ ಹಳೆಯ ಫೋಟೋಗಳಿಂದ ಕಲಿಸಿದ್ದರಂತೆ. ಪ್ರಮಥ ತಲೆ ಆ ಕಡೆಗೂ ಈ ಕಡೆಗೂ ಹಾರಿಸುತ್ತಾ ಹೊಗಳಿದ. “ಇದು ಯಾವತ್ತೂ ತಪ್ಪು ಹೇಳಲ್ಲ!” ಎಂದ. ಊರು ಮುಗಿಬಿದ್ದು ಕೊಂಡಿತು. ಯಂತ್ರಕ್ಕೆ ಬಿಕ್ಕಳಿಕೆ ಇಲ್ಲ ಎನ್ನುವುದು ನಮಗೆ ಹೊಳೆಯಲೇ ಇಲ್ಲ. ಹುಟ್ಟಿದಾಗಿನಿಂದ ನಮಗೆ ಗೊತ್ತಿದ್ದ ಲೆಕ್ಕ ಒಂದೇ: ಬಿಕ್ಕಲಿಲ್ಲವೋ, ಅದು ನಿಜ. ಗಂಟೆ ಅಂಚೆಯ ಮಾದಪ್ಪನನ್ನು ಅವನ ಸತ್ತ ಅಣ್ಣನ ಹೆಸರಿನಿಂದ ಕರೆದಾಗ ಮನೆಯವರು ಗಂಟೆಯನ್ನು ಬಿಟ್ಟು ಮಾದಪ್ಪನನ್ನೇ ಅನುಮಾನದಿಂದ ನೋಡಿದರು.

ತಾರಿಣಿ ಯಾವ ಮನೆಯ ಮುಂದೆ ಹಾದರೂ ಗಂಟೆ ಆ ಹಳೆಯ ಹೆಸರು ಹೇಳಿ “ಬಂದಿದ್ದಾನೆ” ಎನ್ನುತ್ತಿತ್ತು. ಒಂದು ಬೀದಿ ದಾಟುವುದರಲ್ಲಿ ಆ ಕಡೆಯಿಂದೊಂದು, ಈ ಕಡೆಯಿಂದೊಂದು. ಬಿಕ್ಕಿ ಬಿಕ್ಕಿ ಹೊಸ ಹೆಸರು ಕಲಿತಿದ್ದ ಜನ ಮತ್ತೆ ಗೊಂದಲಕ್ಕೆ ಬಿದ್ದರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಶಿವನಂಜಪ್ಪನವರೂ ಒಂದು ಗಂಟೆ ತಂದು ಹಾಕಿದ್ದು. ನನಗೆ ಅವರ ಲೆಕ್ಕಾಚಾರ ಗೋಡೆಯ ಈಚೆಯಿಂದಲೇ ಅರ್ಥವಾಯಿತು. ಯಾವುದೋ ಒಂದು ಹೆಸರು ಗಂಟೆ ಹೇಳಿಕೊಳ್ಳಲಿ, ನನಗೆ ಆ ಕಷ್ಟ ತಪ್ಪಿತಲ್ಲ ಎಂದು. ಅದರ ಮರುದಿನದಿಂದ ತಾರಿಣಿ ತನ್ನ ಮನೆಗೆ ಹಿತ್ತಿಲ ಬಾಗಿಲಿನಿಂದ ಬರತೊಡಗಿದಳು. ಅಪ್ಪ ಕೇಳಲಿಲ್ಲ, ಮಗಳು ಹೇಳಲಿಲ್ಲ.

“ಆಗಮನ ಯಾವಾಗ ಬಿಚ್ತೀಯವ್ವ?” ಎಂದು ಜನ ಕೇಳುತ್ತಲೇ ಇದ್ದರು. ಅವಳು ಮುಂದೂಡುತ್ತಲೇ ಇದ್ದಳು. ಒಂದು ಮಧ್ಯಾಹ್ನ ಗಿರಣಿಗೆ ಬಂದು ಗೋಧಿ ಮೂಟೆಯ ಮೇಲೆ ಕೂತಳು.

“ಚೆಲುವಕ್ಕ, ಮೋಟಾರ್ ಆರ್ಸಿ. ನಾನು ಹೇಳೋದು ನಂಗೇ ಸರಿಯಾಗಿ ಕೇಳಿಸ್ಬೇಕು.”

ಆರಿಸಿದೆ. ಗಿರಣಿ ನಿಂತರೆ ಆ ಜಾಗ ನನಗೇ ಗುರುತು ಸಿಗುವುದಿಲ್ಲ.

“ಕಂಪನಿಯವನು ಬಂದಿದ್ದ. ವಿಭವ್ ಅಂತೆ. ನಮ್ಮೂರ ವಿಷಯ ಯಾರೋ ಹೇಳಿಕೊಟ್ಟಿದಾರೆ ಅವನಿಗೆ. ಬರೀ ಪ್ರಶ್ನೆಯಲ್ಲೇ ಮಾತಾಡ್ತಾನೆ, ಪ್ರಶ್ನೆಗೆ ಬಿಕ್ಕಳಿಕೆ ಬರಲ್ವಲ್ಲ. ‘ಒಳಗೆ ಬರಬಹುದಾ? ಕೂತ್ಕೊಳ್ಲಾ? ನಿಮ್ಮ ಹೆಸರು ಪ್ರತಿ ಬಾಗಿಲಲ್ಲೂ ತಾರಿಣಿ ಅಂತಾನೇ ಕೇಳಿಸಿದ್ರೆ ಚೆನ್ನಾಗಿರಲ್ವಾ? ನಾಳೆಯಿಂದಾನೇ ಆಗಬಾರ್ದಾ? ನೀವು ಒಂದೇ ಒಂದು ಮಾತು, ಇದು ನಂಬಿಕೆಗೆ ಯೋಗ್ಯವಾದ ಗಂಟೆ ಅಂತ, ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?’”

“ನೀನು ಏನಂದೆ?”

“ಏನೂ ಅನ್ನಲಿಲ್ಲ. ಅವನು ಹೋದ್ಮೇಲೆ ಕ್ಯಾಮೆರಾ ಇಟ್ಟು ಹೇಳಿ ನೋಡಿದೆ.” ಫೋನು ತೆಗೆದು ತೋರಿಸಿದಳು. ಪರದೆಯ ಮೇಲೆ ಅವಳೇ. “ಇದು ನಂಬಿಕೆಗೆ ಯೋ... ಹಿಕ್... ಗ್ಯವಾದ ಗಂಟೆ.” ಆಮೇಲೆ ಇನ್ನೊಂದು ತೋರಿಸಿದಳು. ಅದೇ ಮಾತು, ಬಿಕ್ಕಳಿಕೆ ಮಾಯ. ರೇಷ್ಮೆಯ ಹಾಗೆ ನುಣ್ಣಗಿತ್ತು. “ಕತ್ತರಿಸಿದ ಜಾಗ ನಂಗೇ ಕಾಣ್ತಿಲ್ಲ ನೋಡಿ. ಪ್ರಮಥನಿಗಿಂತ ನಾನೇ ವಾಸಿ.”

ನಾನು ನಿಜ ಹೇಳುತ್ತೇನೆ, ಅವಳಿಗೆ ಕೆಟ್ಟ ಬುದ್ಧಿಯನ್ನೇ ಹೇಳಿದೆ. “ಹಾಕ್ಬಿಡು ತಾರಿಣಿ. ಒಂದು ಗಂಟೆ ವಿಷಯ ತಾನೆ, ಯಾರ ಮನೆ ಮುಳುಗುತ್ತೆ? ಬೀದಿಯಲ್ಲಿ ತಲೆ ಎತ್ಕೊಂಡು ಓಡಾಡ್ಬಹುದು. ಮುಂಬಾಗಿಲಲ್ಲಿ ಮನೆಗೆ ಹೋಗ್ಬಹುದು.” ನನಗೆ ಬಿಕ್ಕಳಿಕೆ ಬರಲಿಲ್ಲ, ಮನಸಾರೆ ಹೇಳಿದ್ದೆ.

ಅವಳು ಫೋನನ್ನು ತಿರುಗಿಸುತ್ತಾ ಕೂತಳು. ಎದುರಿನ ಮನೆಯ ಗಂಟೆ ಯಾರನ್ನೋ ಕರೆಯಿತು.

“ಆಸೆ ಆಗುತ್ತೆ ಚೆಲುವಕ್ಕ. ಬಹಳ ಆಸೆ ಆಗುತ್ತೆ. ಆದ್ರೆ ಇದನ್ನ ಹಾಕಿದ ಮೇಲೆ, ನಾನು ತಾರಿಣಿ ಅಂತ ಹೇಳ್ಕೊಂಡಿದೀನಲ್ಲ, ಅದನ್ನೂ ಎಲ್ಲೋ ಕತ್ತರಿಸಿ ಅಂಟಿಸಿದಾಳೆ ಅಂದ್ರೆ ಏನು ಮಾಡ್ಲಿ? ನನ್ನ ಹತ್ರ ಇರೋದು ಒಂದೇ ಬಾಯಿ.”

“ಹಾಗಾದ್ರೆ ಬಿಚ್ಚಿ, ಚೆನ್ನಾಗಿ ಬೈದು ಹಾಕು.”

“ಅದೂ ಕಷ್ಟ. ನಂಗೆ ಅದರ ಮೇಲೆ ಸಿಟ್ಟಿದೆ. ಸಿಟ್ಟಿರೋರು ಹೇಳಿದ್ದನ್ನ ಯಾರು ನಂಬ್ತಾರೆ?”

ಮೋಟಾರು ಹಾಕಿದೆ. ಅವಳು ಎದ್ದು ಹೋದಳು.

ಎರಡು ದಿನ ಬಿಟ್ಟು, ಬಿಸಿಲು ಇಳಿಯುವ ಹೊತ್ತಿಗೆ, ಅವಳು ತನ್ನ ಮನೆಯ ಮುಂದೆಯೇ ಕ್ಯಾಮೆರಾ ನಿಲ್ಲಿಸಿದಳು. ವಿಡಿಯೋ ನೇರವಾಗಿ ಎಲ್ಲರ ಫೋನಿಗೂ ಹೋಗುತ್ತಿತ್ತು, ಆಮೇಲೆ ಕತ್ತರಿಸುತ್ತೇನೆಂದರೂ ಆಗದ ಹಾಗೆ. ನಾನು ಗಿರಣಿ ನಿಲ್ಲಿಸಿ ಜಗಲಿಗೆ ಬಂದು ಕೂತೆ. ಬೀಸಿಸಲು ಬಂದವರೂ ಚೀಲ ಕೆಳಗಿಟ್ಟು ಪಕ್ಕದಲ್ಲಿ ಕೂತರು.

ಪರೀಕ್ಷೆಗೆಂದು ತರಿಸಿದ್ದ ಇನ್ನೊಂದು ಗಂಟೆಯನ್ನು ಬಿಚ್ಚಿದಳು, ಒಳಗಿನದೆಲ್ಲ ತೋರಿಸಿದಳು, ಮತ್ತೆ ಜೋಡಿಸಿ ಚೊಂಬಿನಿಂದ ನೀರು ಸುರಿದಳು. ಅದು ಕೆಡಲಿಲ್ಲ. “ಕಟ್ಟಿರೋದು ಗಟ್ಟಿಯಾಗಿದೆ. ಬಾಳಿಕೆ ಬರುತ್ತೆ. ಕಣ್ಣು ಕಾಣದ ಹಿರಿಯರಿಗೆ ಬಾಗಿಲಲ್ಲಿ ಯಾರಿದಾರೆ ಅಂತ ಗೊತ್ತಾಗೋದು ದೊಡ್ಡ ಉಪಕಾರ. ಇದನ್ನ ಮಾಡಿದವರ ಕೈ ಒಳ್ಳೇದು.” ಒಂದು ಬಿಕ್ಕಳಿಕೆಯೂ ಇಲ್ಲ. ನನ್ನ ಪಕ್ಕದಲ್ಲಿದ್ದವಳು, ಇದೇನು ಇವಳು ಹೊಗಳ್ತಾನೇ ಇದಾಳೆ ಎಂದು ಗೊಣಗಿದಳು.

“ಈಗ ಕೆಟ್ಟದ್ದು. ಇದಕ್ಕೆ ಹೆಸರು ಗೊತ್ತಿಲ್ಲ. ಯಾವಾಗಲೋ ಯಾರೋ ಹೇಳಿದ್ದನ್ನ ಒಪ್ಪಿಸುತ್ತೆ, ಅಷ್ಟೆ. ಮಾದಪ್ಪಣ್ಣನ್ನ ಅವರ ಅಣ್ಣ ಅನ್ನುತ್ತೆ. ನಾನು ಟ್ರಾನ್ಸ್ ಹೆಣ್ಣು. ನನ್ನ ಗಂಡಸು ಅನ್ನುತ್ತೆ. ನಂಗೆ ಇದರ ಮೇಲೆ ಸಿಟ್ಟಿದೆ, ನೀವು ಅದನ್ನೂ ಲೆಕ್ಕಕ್ಕೆ ಹಿಡ್ಕೊಂಡೇ ನನ್ನ ಮಾತು ಕೇಳಿ. ಇನ್ನೊಂದು ವಿಷಯ. ಹೊಗಳಿದ್ರೆ ನನ್ನೊಬ್ಬಳ ಹೆಸರು ಸರಿ ಮಾಡಿಕೊಡ್ತೀವಿ ಅಂತ ಕಂಪನಿಯವರು ಬಂದಿದ್ರು. ಅಂದ್ರೆ ಸರಿ ಮಾಡೋಕೆ ಬರುತ್ತೆ ಅಂತಾಯ್ತು. ಮಾದಪ್ಪಣ್ಣನದು ಯಾಕೆ ಮಾಡ್ಲಿಲ್ಲ ಅಂತ ನೀವೇ ಕೇಳಿ. ಇನ್ನು ನಂದು ಏನಾಗುತ್ತೆ ಅಂತ ತೋರಿಸ್ತೀನಿ.”

ಅವಳು ಮೆಟ್ಟಿಲು ಹತ್ತಿ, ಎಷ್ಟೋ ದಿನದಿಂದ ತುಳಿಯದಿದ್ದ ತನ್ನ ಮುಂಬಾಗಿಲಿನ ಎದುರು ನಿಂತಳು. ಬಾಗಿಲ ಪಕ್ಕದ ಗಂಟೆ ಅವಳ ಮುಖ ನೋಡಿತು. ಊರೆಲ್ಲ ಕೇಳುವ ಹಾಗೆ ಆ ಹಳೆಯ ಹೆಸರು ಹೇಳಿ, ಇಂಪಾಗಿ, ಎಲ್ಲೂ ಎಡವದೆ, “ಬಂದಿದ್ದಾನೆ” ಎಂದಿತು. ತಾರಿಣಿ ಕ್ಯಾಮೆರಾದ ಕಡೆ ತಿರುಗಿ ಏನೋ ಹೇಳಬೇಕೆಂದು ಬಾಯಿ ತೆರೆದಳು.

ಆಗ ಬಾಗಿಲು ತೆರೆಯಿತು. ಶಿವನಂಜಪ್ಪನವರು, ಬನಿಯನ್ನು, ಪಂಚೆ, ಕೈಯಲ್ಲಿ ಫೋನು. ಒಳಗೆ ಕೂತು ಅದನ್ನೇ ನೋಡುತ್ತಿದ್ದಿರಬೇಕು. ಮಗಳ ಮುಖ ನೋಡಿದರು, ಗಂಟೆಯನ್ನು ನೋಡಿದರು. ಗಂಟಲು ಸರಿಮಾಡಿಕೊಂಡು, ಬಸ್ ನಿಲ್ದಾಣದ ತಮ್ಮ ದೊಡ್ಡ ದನಿಯಲ್ಲಿ ಬೀದಿಯ ಕಡೆ ತಿರುಗಿ ಕೂಗಿದರು:

“ತಾರಿ... ಹಿಕ್... ಣಿ! ನನ್ನ ಮ... ಹಿಕ್... ಗಳು ಬಂದಿದ್ದಾ... ಹಿಕ್... ಳೆ!”

ಬೀದಿಯಲ್ಲಿ ಯಾರೋ ಕಿಸಕ್ಕೆಂದರು. ಶಿವನಂಜಪ್ಪನವರು ಅವರ ಕಡೆ ನೋಡಲಿಲ್ಲ. ಮತ್ತೊಮ್ಮೆ ಕೂಗಿದರು. ಮತ್ತೆ ಬಿಕ್ಕಿದರು. ಮೂರನೆಯ ಸಲಕ್ಕೆ ಬಿಕ್ಕಳಿಕೆಯೇ ಮಾತಿಗಿಂತ ಹೆಚ್ಚಾಗಿ, ಹೊಸ್ತಿಲ ಮೇಲೆ ಕೂತುಬಿಟ್ಟರು. ತಾರಿಣಿ ಚೊಂಬಿನಲ್ಲಿ ಉಳಿದಿದ್ದ ನೀರನ್ನು ಅವರ ಕೈಗೆ ಕೊಟ್ಟಳು.

“ಅಪ್ಪಾ, ಇಷ್ಟು ಬಿಕ್ಕಳಿಕೆ ಇಟ್ಕೊಂಡು ಯಾಕೆ ಹೇಳೋಕೆ ಹೋದ್ರಿ?”

ಗಟಗಟ ಕುಡಿದು ಬಾಯಿ ಒರೆಸಿಕೊಂಡರು. “ಬಿಕ್ಕಳಿಕೆ ನೀರು ಕುಡಿದ್ರೆ ಹೋಗುತ್ತೆ. ನೀನು ಹಿತ್ತಿಲಿಂದ ಬರೋದು ಹೇಗೆ ಹೋಗ್ಬೇಕು?”

ಕ್ಯಾಮೆರಾ ಓಡುತ್ತಲೇ ಇತ್ತು. ತಾರಿಣಿ ಅದರ ಕಡೆ ತಿರುಗಿ, ಮೂಗು ಒರೆಸಿಕೊಂಡು, “ಇವತ್ತಿಗೆ ಇಷ್ಟೇ, ಗಂಟೆ ಕೊಳ್ಳೋದು ಬಿಡೋದು ನಿಮ್ಮಿಷ್ಟ” ಎಂದು ಆರಿಸಿದಳು. ಇಬ್ಬರೂ ಮುಂಬಾಗಿಲಿನಿಂದಲೇ ಒಳಗೆ ಹೋದರು.

ಅದಾದ ಮೇಲೆ ಊರಿನಲ್ಲಿ ಆದ ಚರ್ಚೆ ಅಷ್ಟಿಷ್ಟಲ್ಲ. ಪ್ರಮಥ ಒಂದು ವಿಡಿಯೋ ಹಾಕಿದ: “ಹೆತ್ತಪ್ಪನಿಗೇ ಬಿಕ್ಕಳಿಕೆ ಬಂದ ಮೇಲೆ ಯಾವುದು ನಿಜ ಅಂತ ನೀವೇ ಹೇಳಿ?” ಹಳೆಯ ಲೆಕ್ಕದ ಪ್ರಕಾರ ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಗಿರಣಿಯ ಸಾಲಿನಲ್ಲಿ ನಿಂತಿದ್ದ ಹಿರಿಯ ಹೆಂಗಸರಿಗೆ ಅದು ಸರಿ ಕಾಣಲಿಲ್ಲ. “ಬಿಕ್ಕಳಿಕೆ ಬರುತ್ತೆ ಅಂತ ಗೊತ್ತಿದ್ದೂ ಬೀದೀಲಿ ನಿಂತು ಹೇಳಿದನಲ್ಲ, ಅವನಿಗೆ ಏನನ್ನೋಣ?” ಎಂದರು ಒಬ್ಬರು. ಏನನ್ನಬೇಕೆಂದು ಯಾರಿಗೂ ತಿಳಿಯಲಿಲ್ಲ. ನಮ್ಮೂರಿನಲ್ಲಿ ಅಂಥದ್ದಕ್ಕೆ ಮಾತೇ ಇರಲಿಲ್ಲ. ಕೊನೆಗೆ ಜನ ಪ್ರಮಥನನ್ನೇ, ನೀನೂ ಒಂದು ವಿಡಿಯೋ ಕತ್ತರಿ ಹಾಕದೆ ಮಾಡಪ್ಪ ಎಂದು ಕೇಳಿದರು. ಮಾಡಿದ. ಶುರುವಿನಿಂದ ಕೊನೆಯವರೆಗೆ ಬಾಯೇ ಬಿಡಲಿಲ್ಲ, ಬರೀ ಕೈಸನ್ನೆ. ಈಗಲೂ ಹಾಗೇ ಮಾಡುತ್ತಾನೆ. ಮೊದಲಿಗಿಂತ ಚೆನ್ನಾಗಿದೆ ಎನ್ನುವವರೂ ಇದ್ದಾರೆ.

ಮಾದಪ್ಪ ಅಂಚೆ ಹಂಚುವ ಪ್ರತಿ ಮನೆಯಲ್ಲೂ ನಿಂತು ಕಂಪನಿಗೆ ದೂರು ಬರೆಸಿದ. ಕಂಪನಿಯವರು ಬೇರೆ ದಾರಿ ಕಾಣದೆ, ಅವರವರ ಹೆಸರು ಅವರವರೇ ಗಂಟೆಗೆ ಹೇಳಿಕೊಡುವ ವ್ಯವಸ್ಥೆ ಮಾಡಿದರು. ಅದರಿಂದ ಇನ್ನೊಂದು ರಗಳೆ ಶುರುವಾಯಿತು. ಸೊಪ್ಪು ಮಾರುವವಳು ತನ್ನ ಹೆಸರು ಮಹಾರಾಣಿ ಎಂದು ಹೇಳಿಕೊಟ್ಟಿದ್ದಾಳೆ. ಹೇಳಿಕೊಡುವಾಗ ಅವಳು ಬಿಕ್ಕಲಿಲ್ಲವೆಂದು ನೋಡಿದವರು ಆಣೆ ಮಾಡುತ್ತಾರೆ. ಶಿವನಂಜಪ್ಪನವರು ಮಾತ್ರ ತಮ್ಮ ಮನೆಯ ಗಂಟೆಯನ್ನು ಕಿತ್ತು ಕಂಪನಿಗೇ ಕಳಿಸಿದರು. ನಮ್ಮ ಮನೆಗೆ ಬರುವವಳು ಒಬ್ಬಳೇ, ಅವಳನ್ನು ಕರೆಯೋಕೆ ನಾನಿದ್ದೀನಿ ಎಂದರು. ‘ಅವಳನ್ನು’ ಎನ್ನುವಾಗ ಒಂದು ಸಣ್ಣ ಹಿಕ್.

ಮನೆಯೊಳಗೆ ಆ ಅಭ್ಯಾಸ ನಡೆದೇ ಇತ್ತು. ಬೆಳಿಗ್ಗೆ ಎದ್ದರೆ ಗೋಡೆಯಾಚೆ ತಾರಿ-ಹಿಕ್-ಣಿ, ನೀರು ಕುಡಿಯುವ ಸದ್ದು, ಮತ್ತೆ ತಾರಿ-ಹಿಕ್-ಣಿ. ಬಸ್ ನಿಲ್ದಾಣದ ಕಾಫಿಯಂಗಡಿಯವರು “ಇವತ್ತು ಹೇಗೆ ಸಾರ್?” ಎಂದು ವಿಚಾರಿಸಿಕೊಳ್ಳುವರು. ಇವರು “ಸ್ವಲ್ಪ ಸಣ್ಣದಾಗಿದೆ” ಎನ್ನುವರು. ಒಂದೊಂದು ದಿನ ಜೋರಾಗುತ್ತಿತ್ತು. ಅಂಥ ದಿನ ಅವರು ಮಾತಾಡದೆ ತಿಂಡಿ ತಿಂದು ಹೋಗುವರು, ತಾರಿಣಿಯೂ ಕೆದಕುತ್ತಿರಲಿಲ್ಲ.

ಹೋದ ವಾರದ ಮಾತು. ಬೆಳಿಗ್ಗೆ ನಾನು ಹಿತ್ತಿಲಲ್ಲಿ ಜರಡಿ ತೊಳೆಯುತ್ತಿದ್ದೆ. ತಾರಿಣಿ ಒಲೆಯ ಮೇಲೆ ಹಾಲಿಟ್ಟು ಯಾವುದೋ ಹೊಸ ಫ್ಯಾನು ಬಿಚ್ಚುತ್ತಾ ಕೂತಿದ್ದಿರಬೇಕು. ಸೀದ ವಾಸನೆ ನನ್ನ ಮನೆಯವರೆಗೂ ಬಂತು. ಅದರ ಹಿಂದೆಯೇ ಶಿವನಂಜಪ್ಪನವರ ದನಿ, ಕೋಪದಲ್ಲಿ ಹೆಂಚು ಹಾರುವ ಹಾಗೆ:

“ತಾರಿಣೀ! ಹಾಲು ಉಕ್ಕಿ ಒಲೆಯೆಲ್ಲ ಹಾಳಾಯ್ತು, ಎಲ್ಲಿ ಸತ್ತಿದ್ದೀಯೆ? ಒಂದು ಕೆಲಸ ನೆಟ್ಟಗೆ ಮಾಡಲ್ಲ ಈ ಹುಡುಗಿ!”

“ಬಂದೆ ಅಪ್ಪಾ, ಒಂದು ಸ್ಕ್ರೂ ಬಾಕಿ!”

“ಸ್ಕ್ರೂನಂತೆ ಸ್ಕ್ರೂ! ಈ ಪಾತ್ರೆ ಯಾರು ಉಜ್ತಾರೆ, ನಿಮ್ಮಜ್ಜಿ ಬಂದು ಉಜ್ತಾಳಾ?”

ಬೈಗುಳ ಹಾಗೇ ಮುಂದುವರಿಯಿತು, ಪಾತ್ರೆ ಸಿಂಕಿಗೆ ಬಿದ್ದ ಸದ್ದು, ಅವಳ ನಗು, ಮತ್ತಷ್ಟು ಬೈಗುಳ. ಎಲ್ಲೂ ತಡೆದು ನಿಲ್ಲಲಿಲ್ಲ. ಅವರಿಬ್ಬರಿಗೂ ಅದರ ಗಮನವೇ ಇಲ್ಲ. ನಾನು ಜರಡಿ ಹಿಡಿದುಕೊಂಡು ಗೋಡೆಗೆ ಒರಗಿ ನಿಂತೆ. ಕೂಗಿ ಹೇಳೋಣವೆನ್ನಿಸಿತು. ಹೇಳಲಿಲ್ಲ. ಹೇಳಿದರೆ ಎಚ್ಚರವಾಗಿಬಿಡುತ್ತಾರೆ, ಬೈದುಕೊಳ್ಳಲಿ ಪಾಪ, ಬಾಯ್ತುಂಬ.